ಎಂಟರ ಬ್ಯಾನಿ

ಶಂಕ್ರವ್ವ ಅತ್ತಿಕೊಪ್ಪಕ್ಕೆ ನರ್ಸಾಗಿ ಬಂದಾಗ ಊರವರು ಕೂರಿಗೆ ಕಟ್ಟಿಕೊಂಡು ಬತ್ತ ಬಿತ್ತಲು ಹೊಲಕ್ಕೆ ಹೋಗಿದ್ದರು. ೧೯೫೮ನೆಯ ಇಸವಿ. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ಎರಡು ವರ್ಷ ತುಂಬಿರಲಿಲ್ಲ. ಮುಂಡಗೋಡದಿಂದ ಪಾಳಾದವರೆಗೆ ಬಸ್ಸು, ಅಲ್ಲಿಂದ ಮುಂದೆ ಎರಡು ಮೈಲಿ ಕಾಲುದಾರಿ. ತಲೆಯ ಮೇಲೆ ತಗಡಿನ ಪೆಟ್ಟಿಗೆ, ಬಗಲಲ್ಲಿ ಔಷಧದ ಚೀಲ ಹೊತ್ತು ಬಂದ ಇಪ್ಪತ್ನಾಲ್ಕು ವರ್ಷದ ಆ ಹೆಣ್ಣುಮಗಳನ್ನು ಮೊದಲು ಎದುರುಗೊಂಡವರು ಅಡಿವೆಯ್ಯ. ಅವರ ಮನೆಯ ಪಡಸಾಲೆಗೆ ಹೊಂದಿದ ಒಂದು ಕೋಣೆಯನ್ನು ಸರಕಾರ ಬಾಡಿಗೆಗೆ ಹಿಡಿದಿತ್ತು. ಆ ಕೋಣೆಯೇ ಹೆರಿಗೆ ಕೇಂದ್ರ, ಅದೇ ಅವಳ ಮನೆ.

ಹಳಿಯಾಳದ ಕಡೆಯವಳು ಶಂಕ್ರವ್ವ. ಹದಿನೇಳಕ್ಕೆ ಗಂಡ ತೀರಿಕೊಂಡ. ಅಣ್ಣ ತುಸು ಓದಿದವನು. ತಂಗಿ ಮೂಲೆಯಲ್ಲಿ ಕುಳಿತು ಸವೆಯುವುದು ಬೇಡವೆಂದು ಬಂಧುಬಳಗದ ವಿರೋಧ ಕಟ್ಟಿಕೊಂಡು ಹುಬ್ಬಳ್ಳಿಗೆ ಕರೆದೊಯ್ದು ನರ್ಸಿನ ತರಬೇತಿಗೆ ಸೇರಿಸಿದ. ಎರಡು ವರ್ಷ ಮುಂಜಾನೆ ವಾರ್ಡು, ಮಧ್ಯಾಹ್ನ ಥಿಯರಿ. ವಾರ್ಡಿನ ಕೆಲಸ ಅವಳಿಗೆ ಕೈಗೆ ಹತ್ತಿತು. ಥಿಯರಿಯನ್ನು ಮಾತ್ರ ದಪ್ಪ ನೋಟುಬುಕ್ಕಿನಲ್ಲಿ ಬರೆದುಕೊಂಡು, ಪರೀಕ್ಷೆಗೆ ಬೇಕಾದಷ್ಟು ಉರು ಹೊಡೆದು, ಆ ಬುಕ್ಕನ್ನು ಪೆಟ್ಟಿಗೆಯ ತಳಕ್ಕೆ ಹಾಕಿಕೊಂಡು ಬಂದಿದ್ದಳು.

ಅತ್ತಿಕೊಪ್ಪಕ್ಕೆ ಬಂದ ಹದಿನೈದನೆಯ ದಿನ ಅವಳು ಆ ಬೇನೆಯನ್ನು ಮೊದಲ ಬಾರಿ ಕಂಡಳು. ದುಂಡು ದುಂಡಾಗಿ ಹುಟ್ಟಿದ ಗಂಡುಕೂಸು. ಆರನೆಯ ದಿನ ಮೊಲೆ ಬಿಟ್ಟಿತು. ಬಾಯಿ ಬಿಗಿದುಕೊಂಡಿತು. ಏಳನೆಯ ದಿನ ಬಾಗಿಲ ಸಪ್ಪಳಕ್ಕೂ ಮೈ ಸೆಟೆಯುತ್ತಿತ್ತು. ಬೆನ್ನು ಹಿಂದಕ್ಕೆ ಬಿಲ್ಲಿನ ಹಾಗೆ ಬಾಗುತ್ತಿತ್ತು. ಅಳಲು ಬಾಯಿ ತೆರೆಯುತ್ತಿರಲಿಲ್ಲ. ಎಂಟನೆಯ ದಿನ ಹೋಯಿತು. ಶಂಕ್ರವ್ವನ ಚೀಲದಲ್ಲಿ ಅದಕ್ಕೆ ಏನೂ ಇರಲಿಲ್ಲ.

"ಎಂಟರ ಬ್ಯಾನಿ ಇದು ಅಕ್ಕಾರ," ಎಂದಳು ಕೂಸಿನ ಅಜ್ಜಿ, ಕಣ್ಣೊರೆಸಿಕೊಂಡು. "ಐದರ ದಿನ ಶೆಟಗೆವ್ವ ಬಂದು ಹಣಿಮ್ಯಾಲ ಇಷ್ಟಽ ಅಂತ ಬರದ ಹೋಗಿದ್ಲು. ಆಕಿ ಬರದದ್ದನ್ನ ಅಳಸಾವ್ರು ಯಾರು?"

ಮುಂದಿನ ಯುಗಾದಿಯೊಳಗೆ ಅದೇ ರೀತಿ ಇನ್ನೂ ಐದು ಕೂಸು ಹೋದವು. ಶಂಕ್ರವ್ವ ಪ್ರತಿಯೊಂದರ ತಾಯಿಯ ಹೆಸರು, ಹುಟ್ಟಿದ ದಿನ, ಸತ್ತ ದಿನ ಬರೆದಿಟ್ಟುಕೊಂಡಳು. ಯಾರೂ ಹೇಳದೆ ಅವಳಾಗಿಯೇ ಹಚ್ಚಿಕೊಂಡ ಕೆಲಸ ಅದು. ಬರೆಯುತ್ತಾ ಹೋದಂತೆ ಹುಬ್ಬಳ್ಳಿಯ ಪಾಠದ ಒಂದು ಮಾತು ತಲೆಯಲ್ಲಿ ಕೂತಿತು: ಧನುರ್ವಾಯು, ತುಕ್ಕು ಹಿಡಿದ ಕಬ್ಬಿಣದಿಂದ. ಸತ್ತ ಆರೂ ಕೂಸುಗಳ ಹೊಕ್ಕುಳಬಳ್ಳಿ ಕೊಯ್ದವಳು ಯಾರು ಎಂದು ಕೇಳಿದಳು. ಆರೂ ಕಡೆ ಒಂದೇ ಉತ್ತರ: ಮಾಲವ್ವ. ಯಾವುದರಿಂದ ಕೊಯ್ದಳು? ಕುಡುಗೋಲಿನಿಂದ.

ಮಾಲವ್ವ ಊರ ಸೂಲಗಿತ್ತಿ. ಅರವತ್ತೈದು ದಾಟಿದ ಮುದುಕಿ. ಬೆನ್ನು ಬಾಗಿದ್ದರೂ ಕೈ ಮಾತ್ರ ಗಟ್ಟಿ. ಅವಳ ಕುಡುಗೋಲನ್ನು ಶಂಕ್ರವ್ವ ನೋಡಿದ್ದಳು. ತಾಯಿಯ ಕಾಲದ್ದು, ಸವೆದು ಬೆರಳಗಲ ಆಗಿತ್ತು, ಹಿಡಿಯ ಬಳಿ ಕೆಂಪಗೆ ತುಕ್ಕು. ಅದನ್ನು ಅವಳು ಮನೆಯ ಮಾಡಿನ ಹುಲ್ಲಿನಲ್ಲಿ ಸಿಗಿಸಿ ಇಡುತ್ತಿದ್ದಳು. ಇನ್ನೇನು ಬೇಕು? ಶಂಕ್ರವ್ವನಿಗೆ ಎಲ್ಲ ಹೊಂದಿಕೊಂಡ ಹಾಗೆ ಅನಿಸಿತು. ಬರೆದ ಹಾಳೆ ಹಿಡಿದುಕೊಂಡು ಊರ ಗೌಡ ನಾಗಲಿಂಗಪ್ಪನ ಮನೆಗೆ ಹೋದಳು.

ಗೌಡ ತನ್ನ ಮನೆಯ ಕಟ್ಟೆಗೆ ಹಿರಿಯರನ್ನು ಸೇರಿಸಿದ. ಮಾಲವ್ವನನ್ನು ಕರೆಸಿದರು. ಹಾಳೆಯಲ್ಲಿದ್ದ ಆರು ಹೆಸರುಗಳನ್ನು ಶಂಕ್ರವ್ವ ಒಂದೊಂದಾಗಿ ಓದಿದಳು. ಓದಿ ಮುಗಿಸುವ ಹೊತ್ತಿಗೆ ಕಟ್ಟೆಯ ಕೆಳಗೆ ನಿಂತ ಹೆಂಗಸರಲ್ಲಿ ಒಬ್ಬಳು ಗೋಳೋ ಎಂದು ಅತ್ತಳು. ಹಾಳೆಯಲ್ಲಿ ಅವಳ ಹೆಸರು ಮೂರನೆಯದು.

ಮಾಲವ್ವ ಶಂಕ್ರವ್ವನ ಕಡೆಗೇ ತಿರುಗಿದಳು.

"ಯವ್ವಾ, ಸತ್ತ ಆರು ಕೂಸಿನ ಹೆಸರ ಬರಕೊಂಡಿ. ನಾ ಕೊಯ್ದ ಹೊಕ್ಕಳ ಎಷ್ಟ ಬದುಕಿ ಬಾಳ್ಯಾವ, ಅದನ್ನ ಬರಕೊಂಡಿ ಏನು? ಈ ನಾಗಲಿಂಗಗೌಡಂದೂ ಇದಽ ಕುಡಗೋಲಿಲೆ ನಮ್ಮವ್ವ ಕೊಯ್ದದ್ದು. ಕುಂತಾನಲ್ಲ ಕಟ್ಟಿಮ್ಯಾಲ, ಕಲ್ಲಗುಂಡಿನಂಗ!"

ಕೆಲವರು ನಕ್ಕರು. ಗೌಡನ ಮುಖ ಕೆಂಪಾಯಿತು. ಶಂಕ್ರವ್ವ ಅದನ್ನು ಓದಿಲ್ಲದ ಮುದುಕಿಯ ಮೊಂಡುವಾದ ಅಂದುಕೊಂಡು ಹಾಳೆ ಮಡಚಿದಳು. ಗೌಡ ಕುಡುಗೋಲನ್ನು ಕಸಿದು ತರಿಸಿ, ಇನ್ನು ಮುಂದೆ ಈಕೆಯನ್ನು ಯಾರೂ ಬಾಣಂತಿಯ ಬಳಿ ಬಿಡಕೂಡದೆಂದು ಹೇಳಿಬಿಟ್ಟ.

ಅಷ್ಟಕ್ಕೇ ನಿಂತಿದ್ದರೆ ಒಂದು ಮಾತು. ಕೂಸು ಕಳೆದುಕೊಂಡ ಮನೆಗಳಿಗೆ ಅಲ್ಲಿಯವರೆಗೆ ಬೈಯಲು ಶೆಟಗೆವ್ವ ಮಾತ್ರ ಇದ್ದಳು. ಈಗ ಕೈಗೆ ಸಿಗುವ ಹೆಂಗಸೊಬ್ಬಳು ಸಿಕ್ಕಳು. ಬಾವಿಯಲ್ಲಿ ಮಾಲವ್ವ ಕೊಡ ಇಳಿಸಿದರೆ ಉಳಿದವರು ಸರಿದು ನಿಲ್ಲುತ್ತಿದ್ದರು. "ಕೂಸ ತಿನ್ನಾಕಿ" ಎಂಬ ಹೆಸರು ಬಿತ್ತು. ಯಾರೋ ಅವಳ ಬಾಗಿಲಿಗೆ ಸಗಣಿ ಎರಚಿದರು. ಮಗ ಸಾತಪ್ಪನಿಗೆ ಊರಲ್ಲಿ ಕೂಲಿ ಕರೆಯುವವರು ಇಲ್ಲವಾದರು. ಮಳೆಗಾಲ ಹತ್ತುವ ಮೊದಲೇ ತಾಯಿ ಮಗ ಗಂಟುಮೂಟೆ ಕಟ್ಟಿ ಗೋವೆಯ ಗಡಿಯ ರಾಮನಗರದ ಕಡೆ ಮಗಳಿದ್ದಲ್ಲಿಗೆ ಹೋದರು. ಅವರು ಹೋಗುವುದನ್ನು ಶಂಕ್ರವ್ವ ತನ್ನ ಕೋಣೆಯ ಕಿಟಕಿಯಿಂದ ನೋಡಿದಳು. ಸಂಕಟವಾಯಿತು, ಆದರೆ ಬದುಕಿ ಉಳಿಯುವ ಕೂಸುಗಳನ್ನು ನೆನೆದು ಮನಸ್ಸು ಗಟ್ಟಿ ಮಾಡಿಕೊಂಡಳು.

ಆಮೇಲೆ ಹೆರಿಗೆಗೆಲ್ಲ ಅವಳನ್ನೇ ಕರೆಯತೊಡಗಿದರು. ಬ್ಲೇಡು, ದಾರ, ಕತ್ತರಿ ಎಲ್ಲವನ್ನೂ ಗಡಿಯಾರ ನೋಡಿ ಇಪ್ಪತ್ತು ನಿಮಿಷ ಕುದಿಸಿ, ಮೊಣಕೈತನಕ ಸೋಪಿನಿಂದ ತೊಳೆದು ಕೂಸನ್ನು ಮುಟ್ಟುತ್ತಿದ್ದಳು. ಏಳು ಕೂಸು ಹುಟ್ಟಿದವು, ಏಳೂ ಉಳಿದವು. ಊರು ಅವಳನ್ನು ತಲೆಯ ಮೇಲೆ ಹೊತ್ತುಕೊಂಡಿತು.

ಎಂಟನೆಯದು ಕರಿಬಸಪ್ಪನ ಹೆಂಡತಿ ತಾಯವ್ವನದು. ಚೊಚ್ಚಲು ಹೆಣ್ಣುಕೂಸು. ಕಾರ್ತಿಕದ ಒಂದು ಮುಂಜಾನೆ ಸಲೀಸಾಗಿ ಹೆರಿಗೆಯಾಯಿತು. ಶಂಕ್ರವ್ವ ಬ್ಲೇಡಿನಿಂದ ಬಳ್ಳಿ ಕತ್ತರಿಸಿ, ದಾರ ಬಿಗಿದು, ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಳು. ತಾಯವ್ವನ ಅತ್ತೆ ಗುರುಸಿದ್ದವ್ವ ಕೊಟ್ಟಿಗೆಯಿಂದ ಒಂದು ಕುಡಿಕೆ ಹಿಡಿದುಕೊಂಡು ಬಂದಳು.

"ನರ್ಸಬಾಯಾರ, ಹೊಕ್ಕಳ ಹಸಿ ಐತ್ರಿ. ಬೂದಿ ಹಚ್ಚಲೇನು?"

"ಹಚ್ಚರಿ ಆಯಿ. ಲಗೂ ಒಣಗತೈತಿ," ಎಂದಳು ಶಂಕ್ರವ್ವ, ತಿರುಗಿ ಕೂಡ ನೋಡದೆ.

ಏಳನೆಯ ದಿನ ತಾಯವ್ವನ ಕೂಸಿನ ಬಾಯಿ ಬಿಗಿಯಿತು.

ಶಂಕ್ರವ್ವ ನಂಬಲಿಲ್ಲ. ಓಡಿ ಹೋಗಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹತ್ತಿಯಿಂದ ಹಾಲು ಹಿಂಡಿದಳು. ಹಾಲು ಕಟವಾಯಿಯಿಂದ ಹೊರಗೆ ಹರಿಯಿತು. ಮುಂಡಗೋಡದ ಡಾಕ್ಟರರಿಗೆ ಸೈಕಲ್ ಮೇಲೆ ಆಳು ಕಳಿಸಿದಳು. ಅವರು ಬರುವಷ್ಟರಲ್ಲಿ ಮುಗಿದಿತ್ತು. ತಾಯವ್ವ ಅಳಲಿಲ್ಲ. ಶಂಕ್ರವ್ವನ ಮುಖವನ್ನೇ ನೋಡುತ್ತಾ ಕೇಳಿದಳು:

"ನಿಮ್ಮ ಬ್ಲೇಡಿನಾಗೂ ಮಾಲವ್ವ ಹೊಕ್ಕಾಳೇನ್ರಿ ಅಕ್ಕಾರ?"

ಪುಷ್ಯದಲ್ಲಿ ಮತ್ತೊಂದು ಹೋಯಿತು. ಅದೂ ಶಂಕ್ರವ್ವನ ಕೈಯಲ್ಲಿ ಹುಟ್ಟಿದ್ದೇ, ಕುದಿಸಿದ ಬ್ಲೇಡಿನಿಂದ ಕತ್ತರಿಸಿದ್ದೇ. ಅವಳು ಎರಡು ದಿನ ಕೋಣೆಯಿಂದ ಹೊರಬೀಳಲಿಲ್ಲ. ಅಡಿವೆಯ್ಯನ ಹೆಂಡತಿ ತಂದಿಟ್ಟ ರೊಟ್ಟಿ ಹಾಗೆಯೇ ಒಣಗಿತು. ಕಬ್ಬಿಣವನ್ನು ಕುದಿಸಿದ್ದಾಗಿದೆ, ಕುಡುಗೋಲು ಗೌಡನ ಮನೆ ಸೇರಿದೆ, ಬೇನೆ ಮಾತ್ರ ಇಲ್ಲೇ ಇದೆ. ಹಾಗಾದರೆ ಏನು? ಕಟ್ಟೆಯ ಮುಂದೆ ಮಾಲವ್ವ ಕೇಳಿದ್ದ ಪ್ರಶ್ನೆ ಈಗ ಬಂದು ಎದೆಗೆ ಒದೆಯಿತು. ಬದುಕಿದವನ್ನು ಬರೆದುಕೊಂಡೆಯಾ? ಇಲ್ಲ, ಬರೆದುಕೊಂಡಿರಲಿಲ್ಲ. ಊರಿಗೆಲ್ಲ ಸೂಲಗಿತ್ತಿ ಒಬ್ಬಳೇ ಆದ ಮೇಲೆ ಸತ್ತವಕ್ಕೂ ಅವಳೇ, ಬದುಕಿದವಕ್ಕೂ ಅವಳೇ. ಸತ್ತ ಮನೆಗಳನ್ನಷ್ಟೇ ಕೇಳುತ್ತ ಹೋದರೆ ಅವಳ ಹೆಸರಲ್ಲದೆ ಬೇರೆ ಯಾರ ಹೆಸರು ಬರಬೇಕಿತ್ತು? ಇಷ್ಟು ಸಣ್ಣ ಮಾತು ತನಗೆ ತಿಳಿಯಲಿಲ್ಲವೆಂಬುದು ಶಂಕ್ರವ್ವನಿಗೆ ಕೂಸುಗಳ ಸಾವಿಗಿಂತ ಹೆಚ್ಚು ಭಯ ಹುಟ್ಟಿಸಿತು.

ಮೂರನೆಯ ದಿನ ಹೊಸ ನೋಟುಬುಕ್ಕು ಹಿಡಿದು ಹೊರಟಳು. ಎರಡು ವರ್ಷದಲ್ಲಿ ಊರಲ್ಲಿ ಹುಟ್ಟಿದ ಎಲ್ಲ ಕೂಸುಗಳನ್ನೂ ಬರೆಯಬೇಕು. ಆದರೆ ಏನೆಂದು ಕೇಳುವುದು? ಮೊದಲು ಕುಡುಗೋಲೇ ಎಂದು ಗಟ್ಟಿಯಾಗಿ ನಂಬಿದ್ದಕ್ಕೆ ಕುಡುಗೋಲಿನ ಸುದ್ದಿಯನ್ನಷ್ಟೇ ಕೇಳಿದ್ದಳು. ಈಗ ಏನನ್ನೂ ನಂಬದೆ ಹೋದರೆ ಹರಟೆ ಹೊಡೆದು ಬಂದಂತಾಗುತ್ತದೆ. ಬಹಳ ಯೋಚಿಸಿದಳು. ಹೊಕ್ಕುಳ ಒಂದು ಗಾಯ. ಬೇನೆ ಒಳಹೋಗುವುದು ಆ ಗಾಯದಿಂದಲೇ. ಅಂದ ಮೇಲೆ ಆ ಗಾಯಕ್ಕೆ ತಾಗಿದ್ದೆಲ್ಲವನ್ನೂ ಕೇಳಬೇಕು. ಯಾವುದರಿಂದ ಕೊಯ್ದರು, ಯಾವುದರಿಂದ ಕಟ್ಟಿದರು, ಏನು ಹಚ್ಚಿದರು, ಯಾವ ಬಟ್ಟೆ ಸುತ್ತಿದರು. ಈ ನಾಲ್ಕು ಪ್ರಶ್ನೆ ಕಂಡುಕೊಳ್ಳಲು ಅವಳಿಗೆ ಎರಡು ಕೂಸುಗಳ ಜೀವ ಹಿಡಿದಿತ್ತು.

ಎಲ್ಲ ಮನೆಗಳೂ ಬಾಗಿಲು ತೆರೆಯಲಿಲ್ಲ. ತೆರೆದವರೂ ಮುಖ ಕೊಟ್ಟು ಮಾತಾಡಲಿಲ್ಲ. ಊರ ತುದಿಯಲ್ಲಿ ಗಾಡಿಯ ಗಾಲಿ ಕಟ್ಟುವ ಗನಿಸಾಬನ ಮನೆಯಲ್ಲಿ ಮಾತ್ರ ಅವನ ಹೆಂಡತಿ ಮುಮ್ತಾಜ ಚಾಪೆ ಹಾಸಿ ಕೂರಿಸಿ ಚಹಾ ಕೊಟ್ಟಳು.

"ನಮ್ಮ ಸಾಲಿನಾಗ ಎರಡು ವರ್ಷದಾಗ ಒಂಬತ್ತು ಬಚ್ಚೆ ಹುಟ್ಟ್ಯಾವ್ರಿ ಬಾಯಿ. ಒಂದೂ ಹೋಗಿಲ್ಲ. ಅಲ್ಲಾನ ಮೆಹರಬಾನಿ."

"ಯಾರು ಕೊಯ್ದ್ರು?"

"ಮತ್ತ ಯಾರು? ಮಾಲವ್ವ ಮಾ. ಅದಽ ಕುಡಗೋಲು. ಆದ್ರ ನಮ್ಮತ್ತಿ ಆಕಿಗೆ ಬಿಸಿನೀರ ಕೊಟ್ಟು, ತೊಳಕೊಂಡು ಬಾ ಅಂತಿದ್ಲು."

"ಹೊಕ್ಕಳಿಗೆ ಏನ ಹಚ್ಚತೀರಿ?"

"ಏನಿಲ್ಲ. ಕೊಬ್ಬರಿ ಎಣ್ಣಿ ಕಾಸಿ ಆರಿಸಿ ಒಂದು ಹನಿ. ಯಾಕ್ರಿ?"

ಶಂಕ್ರವ್ವನ ಕೈಯಲ್ಲಿದ್ದ ಕಪ್ಪು ಹಾಗೆಯೇ ನಿಂತಿತು. ಚಹಾ ಕುಡಿಯದೆ ಎದ್ದಳು.

ಒಂದೂವರೆ ತಿಂಗಳು ಹಿಡಿಯಿತು. ನಲವತ್ತೇಳು ಕೂಸು. ಅವುಗಳಲ್ಲಿ ಹದಿನೈದಕ್ಕೆ ಮನೆಯವರು ಹೊಕ್ಕುಳಿಗೆ ಸಗಣಿ ಕುಳ್ಳಿನ ಬೂದಿ ಹಚ್ಚಿದ್ದರು. ಬೂದಿಯ ಕುಡಿಕೆ ಇರುವುದು ಕೊಟ್ಟಿಗೆಯ ಗೂಟದ ಬುಡದಲ್ಲಿ, ದನಗಳ ಗಂಜಲ ಸಗಣಿಯ ನಡುವೆ. ಬೂದಿ ಸಾಲದಿದ್ದರೆ ಅಲ್ಲಿಯ ಒಣಪುಡಿಯನ್ನೇ ಬೆರೆಸುವುದೂ ಉಂಟು. ಆ ಹದಿನೈದರಲ್ಲಿ ಏಳು ಎಂಟರ ಬೇನೆಯಿಂದ ಸತ್ತಿದ್ದವು. ಉಳಿದ ಮೂವತ್ತೆರಡಕ್ಕೆ ಎಣ್ಣೆಯೋ, ಅರಿಸಿನವೋ, ಏನೂ ಇಲ್ಲವೋ. ಅವುಗಳಲ್ಲಿ ಸತ್ತದ್ದು ಒಂದೇ, ಅಂದಾನೆಪ್ಪನ ಮನೆಯದು. ಅಂದಾನೆಪ್ಪನ ತಾಯಿ ಬೂದಿ ಮುಟ್ಟಿಸಿಲ್ಲವೆಂದು ಲಿಂಗ ಮುಟ್ಟಿ ಆಣೆ ಮಾಡಿದಳು. ಆ ಒಂದನ್ನು ಬಿಟ್ಟುಬಿಟ್ಟರೆ ಹಾಳೆ ಚೊಕ್ಕವಾಗುತ್ತಿತ್ತು. ಶಂಕ್ರವ್ವ ಬಿಡಲಿಲ್ಲ, 'ಕಾರಣ ತಿಳಿದಿಲ್ಲ' ಎಂದೇ ಬರೆದಳು.

ಮುಂಡಗೋಡದ ಡಾಕ್ಟರರು ಶಂಕ್ರವ್ವ ಹೇಳಿದ್ದನ್ನೆಲ್ಲ, ಮಾಲವ್ವನ ಪ್ರಶ್ನೆಯನ್ನೂ, ಕೇಳಿಸಿಕೊಂಡು ಹಾಳೆಗಳನ್ನು ಎರಡು ಬಾರಿ ಓದಿದರು. ಒಳ್ಳೆಯ ಮನುಷ್ಯ, ಆದರೆ ಮುಚ್ಚಿಟ್ಟು ಮಾತಾಡುವವರಲ್ಲ.

"ನಿಮ್ಮ ಥಿಯರಿ ನೋಟಬುಕ್ಕ ಇನ್ನೂ ಇಟ್ಟೀರೇನು?"

"ಐತ್ರಿ ಸಾಹೇಬ್ರ."

"ಧನುರ್ವಾಯು ಪಾಠ ಪೂರ್ತಿ ಓದರಿ. ಆ ಕ್ರಿಮಿ ಇರೂದು ಮಣ್ಣಿನಾಗ, ದನದ ಸಗಣಿಯೊಳಗ. ತುಕ್ಕು ಹಿಡಿದ ಕಬ್ಬಿಣ ಅಂದ್ರ ಮಣ್ಣಾಗ ಬಿದ್ದ ಕಬ್ಬಿಣ ಅಂತ ಅರ್ಥ. ನೀವು ಪಾಠದಾಗಿಂದು ಒಂದ ಸಾಲು ತಗೊಂಡ್ರಿ, ಕಾರಣ ಬಿಟ್ರಿ." ಅವರು ಹಾಳೆಗಳನ್ನು ಜೋಡಿಸಿಟ್ಟರು. "ಬೈಯಾಕ ಹೇಳತಿಲ್ಲ. ಏನೂ ಅಂದ್ಕೊಳ್ಳದಽ ಇದ್ದಿದ್ರ ನೀವು ಒಂದು ಹೆಸರೂ ಬರೀತಿರಲಿಲ್ಲ. ಆದ್ರ ಅಂದ್ಕೊಂಡದ್ದು ಸುಳ್ಳಾದ್ರ ಹೆಂಗ ಗೊತ್ತಾಗಬೇಕು, ಅದನ್ನ ಮೊದಲಽ ಕೇಳಿಕೋಬೇಕು. ಆ ಮುದುಕಿ ಕೇಳಿದ್ಲಲ್ಲ, ಅದು."

ಅತ್ತಿಕೊಪ್ಪಕ್ಕೆ ಮರಳಿ ಶಂಕ್ರವ್ವ ಪೆಟ್ಟಿಗೆಯ ತಳದಿಂದ ಬುಕ್ಕು ತೆಗೆದಳು. ಮಣ್ಣು, ಸಗಣಿ, ಗೊಬ್ಬರ. ತನ್ನದೇ ಅಕ್ಷರ. ಪರೀಕ್ಷೆಗೆಂದು ಅಡಿಗೆರೆಯನ್ನೂ ಎಳೆದಿದ್ದಳು. 'ಹಚ್ಚರಿ ಆಯಿ' ಎಂದ ತನ್ನ ದನಿ ಕಿವಿಯಲ್ಲಿ ಕೇಳಿ, ಬುಕ್ಕನ್ನು ಮುಖಕ್ಕೊತ್ತಿಕೊಂಡು ಅತ್ತಳು.

ಮರುವಾರ ಗೌಡನ ಕಟ್ಟೆಯ ಮುಂದೆ ನಿಂತು, ತಪ್ಪು ತನ್ನದೆಂದೂ ಮಾಲವ್ವನದಲ್ಲವೆಂದೂ, ಬೇನೆ ಬರುವುದು ಬೂದಿಯಿಂದೆಂದೂ ಹೇಳಿದಳು. ನಾಗಲಿಂಗಪ್ಪ ಮೀಸೆ ತಿರುವಿದ.

"ಹ್ವಾದ ವರ್ಷ ಕುಡಗೋಲು ಅಂದ್ರಿ, ನಂಬಿದ್ವಿ. ಈ ವರ್ಷ ಬೂದಿ ಅಂತೀರಿ. ಬರೂ ವರ್ಷ ತಾಯಿ ಹಾಲಿನಾಗಽ ವಿಷ ಐತಿ ಅಂತೀರೇನು? ಬೂದಿ ಅಂದ್ರ ಏನ್ ತಿಳಿದೀರಿ? ಹಣಿಗೆ ಹಚ್ಚೂ ಈಭತ್ತಿ ಅದು."

ಯಾರೂ ನಂಬಲಿಲ್ಲ. ಆ ಮಳೆಗಾಲದಲ್ಲಿ ಎರಡು ಮನೆಯವರು ಅವಳನ್ನು ಹೊರಗಿಟ್ಟೇ ಹೆರಿಗೆ ಮಾಡಿಸಿಕೊಂಡರು, ಬೂದಿ ಹಚ್ಚಿದರು. ಎರಡೂ ಕೂಸು ಹೋದವು. ಯಾವುದರಿಂದ ಎಂದು ಈಗ ಅವಳಿಗೆ ಗೊತ್ತಿತ್ತು. ಆದರೂ ಬಾಗಿಲ ಹೊರಗೆ ನಿಂತು ಒಳಗಿನ ಅಳುವನ್ನು ಕೇಳುವುದಷ್ಟೇ ಅವಳ ಪಾಲಿಗೆ ಉಳಿಯಿತು.

ದೀಪಾವಳಿ ಕಳೆದ ಮೇಲೆ ಶಂಕ್ರವ್ವ ಹಳಿಯಾಳದ ಮೇಲೆ ಹಾಯ್ದು ರಾಮನಗರಕ್ಕೆ ಹೋದಳು. ಕಟ್ಟಿಗೆ ಡಿಪೋದ ಹಿಂದಿನ ಗುಡಿಸಲ ಸಾಲಿನಲ್ಲಿ ಮಾಲವ್ವ ಸಿಕ್ಕಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸಾತಪ್ಪ ಮರದ ದಿಮ್ಮಿ ಹೇರುವ ಕೆಲಸಕ್ಕೆ ಹೋಗಿದ್ದ. ದನಿ ಕೇಳಿಯೇ ಮುದುಕಿ ಗುರುತು ಹಿಡಿದಳು.

"ಯಾಕ ಬಂದಿ? ಇನ್ನೊಂದು ಹೆಸರ ಬರಿಯಾಕ?"

ಶಂಕ್ರವ್ವ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು. ಮುಚ್ಚಲಿಲ್ಲ. ಕೊನೆಗೆ ಮುದುಕಿಯ ಪಾದ ಮುಟ್ಟಲು ಹೋದಳು. ಮಾಲವ್ವ ಕಾಲು ಹಿಂದಕ್ಕೆ ಸೆಳೆದುಕೊಂಡಳು.

"ಬಿಡು. ಕಾಲ ಹಿಡದ್ರ ನನ್ನ ಊರು ತಿರುಗಿ ಬರೂದಿಲ್ಲ. ಐವತ್ತು ವರ್ಷ ಅವರ ರಕ್ತ ತೊಳದ ಕೈ ಇವು. ಅವರಽ ಸಗಣಿ ಹೊಡದ್ರು."

"ಬರ್ರಿ ಆಯಿ, ನೀವು ಹೇಳಿದ್ರ ಕೇಳ್ತಾರ. ನನ್ನ ಮಾತು ಯಾರೂ..."

"ನಾ ಬರೂದಿಲ್ಲ."

ಹೊರಗೆ ದಿಮ್ಮಿ ಹೇರಿಕೊಂಡು ಹೋಗುವ ಲಾರಿಗಳ ಸದ್ದು. ಶಂಕ್ರವ್ವ ಏಳಲು ಕೈಯೂರಿದಾಗ ಮುದುಕಿ, ಯಾರಿಗೋ ಹೇಳುವವಳ ಹಾಗೆ, ಗೋಡೆಯ ಕಡೆ ಮುಖ ಮಾಡಿಕೊಂಡೇ ಅಂದಳು:

"ಬೂದಿ ಬಿಡ್ರಿ ಅಂದ್ರ ಬಿಡೂದಿಲ್ಲ ಅವರು. ಮೊಮ್ಮಗ ಹುಟ್ಟಿದ ಮ್ಯಾಲ ಅಜ್ಜಿ ಸುಮ್ಮನ ಕುಂದರತಾಳೇನು? ಏನರ ಹಚ್ಚಾಕಽ ಬೇಕು ಆಕಿಗೆ. ಬೂದಿ ಕಸಕೊಂಡ್ರ ಬದಲಿ ಏನರ ಕೈಯಾಗ ಕೊಡು. ನೀ ಹಚ್ಚಬ್ಯಾಡ, ಆಕಿ ಕಡಿಂದಽ ಹಚ್ಚಸು."

ಶಂಕ್ರವ್ವ ಹಾಗೆಯೇ ಮಾಡಿದಳು. ಔಷಧದ ಸಣ್ಣ ಬಾಟಲಿಗಳನ್ನು ಕುದಿಸಿ, ಕಾಸಿದ ಕೊಬ್ಬರಿ ಎಣ್ಣೆ ತುಂಬಿ, ಏಳು ತಿಂಗಳಾದ ಬಸುರಿಯರ ಮನೆಗೆ ಹೋಗಿ ಅತ್ತೆಯ ಕೈಗೇ ಕೊಟ್ಟಳು. "ನೀವಽ ಹಚ್ಚಬೇಕ್ರಿ ಆಯಿ, ಕೈ ತೊಳಕೊಂಡು. ಬ್ಯಾರೆ ಯಾರಿಗೂ ಮುಟ್ಟಗೊಡಬ್ಯಾಡ್ರಿ," ಎನ್ನುತ್ತಿದ್ದಳು. ಅಜ್ಜಿಯರು ಅದನ್ನು ದೇವರ ಜಗುಲಿಯ ಮೇಲೆ ಇಟ್ಟರು. ೧೯೬೧ರಲ್ಲಿ ಒಂದು ಕೂಸು ಎಂಟರ ಬೇನೆಯಲ್ಲಿ ಹೋಯಿತು. ಅರವತ್ತೆರಡರಲ್ಲಿ ಒಂದೂ ಇಲ್ಲ. ಆ ವರ್ಷವೇ ಮಾಲವ್ವ ರಾಮನಗರದಲ್ಲಿ ತೀರಿಕೊಂಡ ಸುದ್ದಿ, ಮಣ್ಣಾಗಿ ತಿಂಗಳಾದ ಮೇಲೆ, ಸಂತೆಗೆ ಬಂದ ಯಾರದೋ ಬಾಯಿಂದ ತಿಳಿಯಿತು. ಅತ್ತಿಕೊಪ್ಪದಿಂದ ಯಾರೂ ಹೋಗಲಿಲ್ಲ.

ಡಾಕ್ಟರರು ಶಂಕ್ರವ್ವನ ಹಾಳೆಗಳನ್ನು ಮೇಲಿನ ಕಚೇರಿಗೆ ಕಳಿಸಿದ್ದರು. ವರ್ಷ ಕಳೆದು ಒಂದು ಸುತ್ತೋಲೆ ಬಂತು. ಅದರಲ್ಲಿ ಅತ್ತಿಕೊಪ್ಪದ ಸುದ್ದಿ ಒಂದೇ ಸಾಲಿನಲ್ಲಿತ್ತು: ತರಬೇತಿ ಪಡೆದ ನರ್ಸು ಶುದ್ಧ ಬ್ಲೇಡು ಬಳಸಿದ್ದರಿಂದ ಶಿಶುಮರಣ ಇಳಿದಿದೆ. ಬೂದಿಯ ಮಾತಿರಲಿಲ್ಲ, ಸೂಲಗಿತ್ತಿಯ ಪ್ರಶ್ನೆಯ ಮಾತಂತೂ ಇರಲೇ ಇಲ್ಲ. ಶಂಕ್ರವ್ವ ಅದು ತಪ್ಪೆಂದು ಎರಡು ಪತ್ರ ಬರೆದಳು. ಉತ್ತರ ಬರಲಿಲ್ಲ.

ಅರವತ್ತನಾಲ್ಕರಲ್ಲಿ ಅವಳಿಗೆ ಜೋಯಿಡಾ ಕಡೆಗೆ ವರ್ಗವಾಯಿತು. ಹೊರಡುವ ಹಿಂದಿನ ವಾರ ತಾಯವ್ವನ ಅತ್ತೆ ಗುರುಸಿದ್ದವ್ವ ಬಂದು ಅಂಗಳದಲ್ಲೇ ನಿಂತಳು. ತಾಯವ್ವ ಮತ್ತೆ ಬಸುರಿಯಂತೆ. ಐದು ವರ್ಷದ ಮೇಲೆ. ತವರಿಗೆ ಹೋಗಿದ್ದಾಳೆ, ನರ್ಸಬಾಯಿ ಮುಟ್ಟಿದರೆ ಹೆರುವುದೇ ಇಲ್ಲ ಎಂದಿದ್ದಾಳೆ.

"ಆಕಿ ಹಂಗಽ ಅಂತಾಳ್ರಿ. ಏನೂ ತಿಳಕೋಬ್ಯಾಡ್ರಿ," ಎಂದು ಮುದುಕಿ ಸೆರಗಿನ ತುದಿ ತಿರುವಿದಳು. "ಬಾಟಲಿ ಒಂದು ಕೊಡ್ರಿ. ನಾ ಒಯ್ತೇನಿ."

ಶಂಕ್ರವ್ವ ಒಳಗೆ ಹೋಗಿ ಒಲೆ ಹೊತ್ತಿಸಿ ನೀರಿಟ್ಟಳು. ಬಾಟಲಿ ಕುದಿಯುವವರೆಗೆ ಗುರುಸಿದ್ದವ್ವ ಬಿಸಿಲಲ್ಲೇ ನಿಂತಿದ್ದಳು, ಒಳಗೆ ಬಾ ಎಂದರೂ ಬರಲಿಲ್ಲ.